ಅಕ್ಕ ಅಂತ ಬರೆದು ಬೆಂಕಿ ಹಚ್ಚಿದ್ದು

ಇದು ನನ್ನ ಬಾಮೈದನಿಗೆ ಆದದ್ದು. ಹೆಂಡತಿಯ ಒಡಹುಟ್ಟಿದ ತಮ್ಮ. ನನಗೆ ಓದು ಕಡಿಮೆ, ಉಪ್ಪು ಖಾರ ಹಚ್ಚಿ ಹೇಳೋಕೆ ಬರಲ್ಲ. ಆದದ್ದನ್ನ ಆದ ಹಾಗೆ ಹೇಳ್ತೀನಿ.

ರಾತ್ರಿ ಹನ್ನೊಂದಾಗಿತ್ತು. ಬ್ಯಾನರ್ ಅಂಗಡಿಗೆ ಬೀಗ ಹಾಕಿ ಒಬ್ಬನೇ ಮನೆಗೆ ಹೊರಟಿದ್ದ. ದಾರೀಲಿ ಒಂದು ಹಳೇ ಬಾವಿ. ಹಗ್ಗ ಇಲ್ಲ, ರಾಟೆ ಇಲ್ಲ. ಬಾಯಿಗೆ ತಗಡು ಹೊದಿಸಿ ಎಷ್ಟೋ ವರ್ಷ ಆಯ್ತು.

ಬಾವಿ ದಾಟಿದ… ಒಳಗೆ ಕೊಡ ಮುಳುಗಿದ ಸದ್ದು. ಬುಳು… ಬುಳು… ಬುಳುಕ್. ನಿಂತ.

ಆಮೇಲೆ ಚೊಯ್ಯ್… ಅಂತ. ಕಾದ ಹೆಂಚಿಗೆ ನೀರು ಬಿದ್ದ ಹಾಗೆ.

ಆಮೇಲೆ ಒಂದು ದನಿ…

ಓಡಿದ. ಅವನ ಮನೆಗಲ್ಲ. ನನ್ನ ಮನೆಗೆ.

ಬಾಗಿಲು ತೆಗೆದೆ. ಮುಖ ಬಿಳಿಚಿಕೊಂಡಿತ್ತು. "ಏನೋ, ದೆವ್ವ ಕಂಡವನ ಹಾಗೆ?" ಅಂದೆ. ತಮಾಷೆಗೇ ಅಂದೆ. ಅವನು ನಗಲಿಲ್ಲ.

"ಭಾವ… ಅಕ್ಕಂಗೆ ಬೆಂಕಿ ಹಚ್ಚಿಬಿಟ್ಟೆ."

ನನ್ನ ಹೆಂಡತಿ ಸತ್ತು ಐದು ತಿಂಗಳಾಗಿತ್ತು. ಅಡುಗೆಮನೇಲಿ, ಒಲೆಯ ಬೆಂಕಿ ಬಟ್ಟೆಗೆ ಹತ್ತಿ. ನಾನು ಹಿಂದಿನ ಕೋಣೇಲಿದ್ದೆ. ಏನೂ ಕೇಳಿಸಲಿಲ್ಲ ಅಂತ ಎಲ್ಲರಿಗೂ ಹೇಳಿದ್ದೆ.

ನೀರು ಕೊಟ್ಟು ಕೂರಿಸಿದೆ. ಬಾವಿ ಸದ್ದು, ದನಿ, ಅದಕ್ಕೂ ಮೊದಲು ಅಂಗಡೀಲಿ ಆದದ್ದು, ಎಲ್ಲ ಮೆಲ್ಲಗೆ ಹೇಳಿದ. ಒಂದು ಜಿಮ್ಮಿನ ಬ್ಯಾನರ್ ಬಂದಿತ್ತಂತೆ. ಹೆಸರು ಧಗಧಗ ಉರೀಬೇಕು, ನೋಡಿದವನಿಗೇ ಬೆವರಿಳೀಬೇಕು ಅಂದನಂತೆ ಜಿಮ್ಮಿನವನು. ಕಂಪ್ಯೂಟರಿನ ಫೋಟೋಶಾಪಲ್ಲಿ ಅದಕ್ಕೊಂದು ದಾರಿ ಇದೆ. ಕಪ್ಪು ಹಾಳೆ ಮೇಲೆ ಬಿಳಿ ಅಕ್ಷರ. ಹಾಳೇನ ಅಡ್ಡ ಮಲಗಿಸಿ, ಅದರಲ್ಲೇ ಇರೋ 'ವಿಂಡ್' ಅನ್ನೋ ಗಾಳಿ ಬಿಡಬೇಕು. ಅಕ್ಷರಕ್ಕೆ ಕೂದಲು ಬಂದು ಹಾರಿದ ಹಾಗಾಗುತ್ತೆ. ಮತ್ತೆ ಎತ್ತಿ ನಿಲ್ಲಿಸಿದರೆ ಕೂದಲೂ ಮೇಲಕ್ಕೆ ನಿಲ್ಲುತ್ತೆ. ಅದನ್ನ ಒಂಚೂರು ಅಲುಗಿಸಿ, ಹಳದಿ, ಕೆಂಪು ಕೊಟ್ಟರೆ… ಬೆಂಕಿ.

ಮೊದಲು ಬೇರೆ ಪದದ ಮೇಲೆ ಮಾಡಿ ನೋಡ್ತಾನೆ. ಯಾವ ಕೆಲಸಕ್ಕೂ ಅವನ ಪದ ಒಂದೇ, 'ಅಕ್ಕ'. ಚಿಕ್ಕದು. ಒತ್ತಕ್ಷರಾನೂ ಇದೆ, ಫಾಂಟು ಕೆಟ್ಟಿದ್ದರೆ ಗೊತ್ತಾಗುತ್ತೆ. ವರ್ಷಗಳ ಅಭ್ಯಾಸ. ಕೈ ತಾನೇ ಬರೀತು… ಮಲಗಿಸಿತು… ಗಾಳಿ ಬಿಟ್ಟಿತು. ಮುಗಿದ ಮೇಲೆ ಓದಿದ.

"ಅಳಿಸೋಕೂ ಕೈ ಬರಲಿಲ್ಲ ಭಾವ. ಹಾಗೇ ಬಿಟ್ಟು ಬಂದೆ."

"ಬಾವೀಲಿ ಏನಂತು?"

"ಅಕ್ಕನ ದನಿ. ನನ್ನ ಕರೀಲಿಲ್ಲ." ಪಿಸುಗುಟ್ಟಿದ. "'ರೀ…' ಅಂದ್ಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, 'ರೀ… ಒಂಚೂರು ಬನ್ರೀ'. ಎರಡೇ ಸಲ."

ಅವತ್ತೂ ಎರಡೇ ಸಲ ಕೂಗಿದ್ದಳು. ಇದೇ ಮಾತು. ನನ್ನ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಅಟ್ಟದಿಂದ ಯಾವುದೋ ಡಬ್ಬಿ ತೆಗೆಸೋಕೆ ಅಂದ್ಕೊಂಡೆ. "ಬಂದೆ ತಾಳೇ" ಅಂದೆ. ಏಳಲಿಲ್ಲ.

"ಕೇಳಿಸಿತ್ತು ಕಣೋ," ಅಂದೆ.

ಅವನು ಎದ್ದು ಅಂಗಡಿ ಕಡೆ ನಡೆದ. ನಾನೂ ಹಿಂದೆ ಹೋದೆ. ಬಾವಿ ಹತ್ತಿರ ಇಬ್ಬರೂ ಉಸಿರು ಬಿಗಿಹಿಡಿದೆವು. ಸದ್ದಿಲ್ಲ. ಅಂಗಡಿ ಬೀಗ ಹಾಕಿದ ಹಾಗೇ ಇತ್ತು. ಕೀಲಿ ತಿರುಗಿಸಿದ… ಕಟಕ್.

ಕಂಪ್ಯೂಟರ್ ಚಾಲೂ ಇತ್ತು. 'ಅಕ್ಕ' ಇತ್ತು. ಬರೀ ಬಿಳಿ ಅಕ್ಷರ. ಬೆಂಕಿ ಇರಲಿಲ್ಲ.

ಅವನು ಕೀಬೋರ್ಡ್ ಮುಟ್ಟಿ ಕೈ ಹಿಂದಕ್ಕೆ ತಗೊಂಡ. ಆಮೇಲೆ ಅದನ್ನ ಎತ್ತಿ ಬೋರಲು ಮಾಡಿದ. ನೀರು ಸುರೀತು… ತೊಳ್, ತೊಳ್. ಒಂದು ಚೊಂಬಿನಷ್ಟು.

ಮಳೆ ಬಂದಿರಲಿಲ್ಲ. ಅಂಗಡಿ ಒಳಗೆ ನಲ್ಲಿ ಇಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನೆಲ ಒರೆಸಿದವನು ನಾನೇ.

ಒರೆಸಿದ ಬಟ್ಟೆಗೆ ಪಾಚಿ ಹತ್ತಿತ್ತು.