ಲೋಮೆಯ ಲೈನ್ ಕತ್ತರಿಸುವ ಮುನ್ನ

ಅಧ್ಯಕ್ಷ ಪೀಠದಲ್ಲಿರುವ ನಮ್ಮ ಹಿರಿಯರೇ, ಅಕ್ರಾದಿಂದ ಬಂದಿರುವ ಆಡಿಟರ್ ಸೆಡಿನಾ ಅವರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಕಾರ್ಯದರ್ಶಿ ಡೋಟ್ಸೆ ಅವರೇ, ಗಡಿಯ ಆಚೆ ಈಚೆಯಿಂದ ಬಂದಿರುವ ಬಟ್ಟೆ ವ್ಯಾಪಾರಿ ಬಂಧುಗಳೇ, ಹುರಿದ ಮೀನಿನ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಡೋಟ್ಸೆ ಅವರ ಬಗ್ಗೆ ನಾಲ್ಕು ಮಾತಾಡು ಎಂದಿದ್ದಾರೆ. ನಾಲ್ಕಕ್ಕೆ ನಿಲ್ಲಿಸುವ ಬಾಯಿ ನನ್ನದಲ್ಲ. ಈ ಡೆಡೆಯ ಕೈಗೆ ಮೈಕು ಕೊಟ್ಟ ತಪ್ಪು ನಿಮ್ಮದು.

ನಮ್ಮ ಸಂಘಕ್ಕೆ ಎರಡು ಅಂಗಡಿ. ಒಂದು ಇಲ್ಲಿ, ಘಾನಾದ ಅಫ್ಲಾವೊದಲ್ಲಿ. ಇನ್ನೊಂದು ಗಡಿಯ ಗೇಟಿನಾಚೆ, ಟೋಗೊದ ಲೋಮೆಯಲ್ಲಿ. ಇಲ್ಲಿ ಡೋಟ್ಸೆ, ಅಲ್ಲಿ ನಾನು. ನಡುವೆ ಕೂಗಳತೆ. ಆದರೆ ಕೂಗಿ ಹೇಳಿದರೆ ಸರಕಿನ ಬೆಲೆ ಮೊದಲು ಕೇಳಿಸುವುದು ಯಾರಿಗೆ? ಸುಂಕದವರಿಗೆ! ಅದಕ್ಕೇ ಎರಡೂ ಕಡೆ ಬಿಸಿನೆಸ್ ಫೋನು. ಕೂಗಳತೆಯ ಕರೆಗೆ ವಿದೇಶದ ದರ.

ಪ್ರತಿ ವರ್ಷ ಡೋಟ್ಸೆ ಇದೇ ವೇದಿಕೆಯಲ್ಲಿ ಎರಡು ದೇಶದ ಫೋನಿನ ಖರ್ಚು ಹೋಲಿಸಿ ಓದುತ್ತಿದ್ದರು. ಲೈನಿನ ಬಾಡಿಗೆ ಇಲ್ಲಿ ತುಸು ಅಗ್ಗ, ಠೇವಣಿ ಅಲ್ಲಿ ಅಗ್ಗ. ಘಾನಾದ ಸೆಡಿ ದುಡ್ಡನ್ನು ಟೋಗೊದ ಫ್ರಾಂಕಿಗೆ ತಿರುಗಿಸಿ, ಫ್ರಾಂಕನ್ನು ಸೆಡಿಗೆ ತಿರುಗಿಸಿ ಮುಗಿಸುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಗೊರಕೆ. ಕೊನೆಗೆ ಎರಡೂ ಲೈನ್ ಇರಲಿ ಎಂದು ಚಪ್ಪಾಳೆ.

ಈ ವರ್ಷ ಸೆಡಿನಾ ಅವರು ನೇರವಾಗಿ ಕೇಳಿದರು: "ಬಾಡಿಗೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಫೋನಿನಲ್ಲಿ ಮಾತು ಯಾಕೆ ಇಷ್ಟುದ್ದ?"

ಡೋಟ್ಸೆ ಏನೆಂದರು ಗೊತ್ತೆ? "ಕ್ಷೇಮ ಕೇಳದೆ ವ್ಯಾಪಾರ ಮಾತಾಡೋಕೆ ಆಗುತ್ತೇನಮ್ಮಾ? ಸಾಲ ವಸೂಲಿಗೆ ಬಂದವನ ಥರ?"

ನಿಜ. ಮನೆಯವರು ಚೆನ್ನಾಗಿದಾರಾ, ಮಕ್ಕಳು ಚೆನ್ನಾಗಿದಾರಾ, ಪಕ್ಕದ ಮನೆಯ ಮುದುಕಿ ಎದ್ದು ಓಡಾಡ್ತಾಳಾ, ಎಲ್ಲ ಕೇಳಿದ ಮೇಲೆಯೇ ಬಟ್ಟೆಯ ಮಾತು. ಫೋನ್ ಕಂಪನಿಗಳು ಉದ್ಧಾರವಾದದ್ದೇ ನಮ್ಮ ಕ್ಷೇಮಸಮಾಚಾರದಿಂದ.

ನನ್ನ ಗಂಡ ತೀರಿಕೊಂಡ ಮೇಲೆ ಅಂಗಡಿ ತೆರೆದ ಮೊದಲ ದಿನವೂ ಡೋಟ್ಸೆಯವರ ಫೋನ್ ಬಂತು. "ಮನೆಯವರು ಚೆನ್ನಾಗಿ..." ಎಂದವರು ಅಲ್ಲಿಗೇ ನಿಂತರು. ವಿದೇಶದ ದರ ಓಡುತ್ತಲೇ ಇತ್ತು. ಹೆಂಡತಿಯನ್ನು ಕಳೆದುಕೊಂಡವರು ಅವರೂ. ಆಮೇಲೆ ಮೆಲ್ಲಗೆ ಕೇಳಿದರು: "ಡೆಡೆಯವರೇ, ಏನಾದ್ರೂ ತಿಂದ್ರಾ?"

ತಿಂದೆ ಎಂದೆ. ಸುಳ್ಳು. ಫೋನಿಟ್ಟ ಮೇಲೆ ಅದು ಸುಳ್ಳಾಗಬಾರದೆಂದು ಗಂಜಿ ಕಾಯಿಸಿಕೊಂಡೆ. ಅಂದಿನಿಂದ ದಿನಾ ಬೆಳಿಗ್ಗೆ ಅದೊಂದೇ ಪ್ರಶ್ನೆ. ನಾನು ಬದುಕಿಕೊಂಡದ್ದು ಹಾಗೆ. ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ.

ಈಗ ನೋಡಿ, ತಮ್ಮ ಕೊನೆಯ ವರದಿಯಲ್ಲಿ ಈ ಪ್ರಾಮಾಣಿಕ ಮನುಷ್ಯ ತಾವೇ ಬರೆದಿದ್ದಾರೆ: ಲೋಮೆಯ ಲೈನ್ ದಂಡ, ಕತ್ತರಿಸಿ. ಇನ್ನೇನು ಮತಕ್ಕೆ ಕೈಯೆತ್ತುವ ಹೊತ್ತು. ಮೊಬೈಲ್ ಇಲ್ಲವೇ ಎನ್ನುತ್ತೀರಿ. ಇದೆ, ಇಬ್ಬರಿಗೂ ಇದೆ. ಆದರೆ ಸಂಘದ ನೆಪವಿಲ್ಲದೆ, ನಿವೃತ್ತನಾದ ವಿಧುರನೊಬ್ಬ ವಿಧವೆಗೆ ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡುವುದುಂಟೆ? ಅವರು ಮಾಡುವವರಲ್ಲ. ನನಗೆ ಗೊತ್ತು. ನಿನ್ನೆ ರಾತ್ರಿಯೆಲ್ಲ ಅದೇ ಯೋಚನೆಯಲ್ಲಿ ನಿದ್ದೆ ಬರಲಿಲ್ಲ.

ಆದರೂ ನಾನು ಕೈಯೆತ್ತುವುದು ಲೈನ್ ಕತ್ತರಿಸುವ ಕಡೆಗೇ. ಸಂಘದ ದುಡ್ಡು ಸಂಘದ್ದು. ವರದಿಯಲ್ಲಿ ಒಂದು ಲೆಕ್ಕ ಮಾತ್ರ ಬಿಟ್ಟುಹೋಗಿದೆ, ಡೋಟ್ಸೆಯವರೇ. ನಡೆದು ಬಂದರೆ ಎರಡು ದೇಶದಲ್ಲೂ ಬಾಡಿಗೆ ಇಲ್ಲ. ಗೇಟು ಬೆಳಿಗ್ಗೆಯೇ ತೆರೆಯುತ್ತದೆ. ಗಂಜಿ ಇಬ್ಬರಿಗೆ ಆಗುವಷ್ಟು ಇಟ್ಟಿರುತ್ತೇನೆ, ಸಿಹಿ ಹಿಟ್ಟಿನ ಬೊಫ್ಲೋಟೊ ಉಂಡೆ ಕರಿದಿರುತ್ತೇನೆ. ನಾನು ತಿಂದೆನೋ ಇಲ್ಲವೋ ಎಂದು ಎದುರಿಗೇ ಕುಳಿತು ನೋಡಿಕೊಳ್ಳಿ.

ನಗಬೇಡಿ, ಸಭಿಕರೇ. ನಕ್ಕರೆ ನಗಿ, ನನಗೇನು. ತಾಳ್ಮೆಯಿಂದ ಕೇಳಿದ್ದಕ್ಕೆ ಕೃತಜ್ಞತೆಗಳು. ನಿಮಗೆಲ್ಲ ನಮಸ್ಕಾರ. ಡೋಟ್ಸೆ ಅವರಿಗೆ ಮಾತ್ರ ಈಗ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಹೇಳುತ್ತೇನೆ.