ಅವ್ವನ ಕಾಮಾಲಿ

ಬಾಗ್ಲಾಗ ಯಾಕ ನಿಂತಿ, ಒಳಗ ಬಾ. ಬಳ್ಳಾರ್ಯಾಗ ಸ್ಕ್ಯಾನಿಂಗ್ ಮುಗಿಸ್ಕೊಂಡು ಸಿರುಗುಪ್ಪಕ್ಕ ನಿನ್ನ ಮನಿಗೆ ಹೋಗೋದು ಬಿಟ್ಟು, ಕುರುಗೋಡು ಬಸ್ ಹತ್ತಿ ಬಂದೀಯಲ್ಲ ಹೇಮಾ. ಅಕ್ಕನ ಮನ್ಯಾಗ ಏನು ಮದ್ದು ಇಟ್ಟಾರ ಅಂತ ತಿಳ್ಕಂಡಿ?

ಏನಿದು, ಫಾರಮ್ಮಾ? ತಾ ನೋಡಾನ... ‘ತಾಯಿ ಯಾವ ಕಾಯಿಲೆಯಿಂದ ತೀರಿಕೊಂಡರು.’ ಇಷ್ಟು ಕೇಳಾಕ ಬಂದ್ಯಾ? ಕಾಮಾಲಿ ಅಂತ ಬರಿ. ಇಪ್ಪತ್ತಾರು ವರ್ಷದಿಂದ ಹೇಳ್ಕೊಂತ ಬಂದೀನಿ, ಇವತ್ತೇನು ಬದಲಾಗ್ತೈತಾ? ಹೊಟ್ಟಿ ಉಬ್ಬಿತ್ತು, ಕಣ್ಣು ಹಳದಿ ಆಗಿತ್ತು, ಹೋದ್ಲು. ನಿನಗಾಗ ಆರು ವರ್ಷ. ನಿನಗೇನು ನೆನಪಿರ್ತೈತಿ.

ಪೆನ್ ಹಿಡ್ಕೊಂಡು ಹಂಗ್ಯಾಕ ಕುಂತಿ. ಬರಿ ಅಂದೆ.

ನೋಡು, ಅವ್ವ ಹೋದಮ್ಯಾಲ ನಿನಗ ಜಡಿ ಹಾಕಿದಾಕಿ ನಾನು. ಸಾಲಿಗೆ ಕಳಿಸಿದಾಕಿ ನಾನು. ನನ್ನ ಮುಂದ ಮಾರಿ ಗಂಟು ಹಾಕ್ಬ್ಯಾಡ. ಮೂರು ವರ್ಷ ಆತು, ಆರಾರು ತಿಂಗಳಿಗೆ ಹೊಟ್ಟಿಗೆ ಜೆಲ್ ಹಚ್ಚಿಸ್ಕೊಂಡು ಮಕ್ಕೊಂತಿ. ಆ ಟೀವ್ಯಾಗ ಒಂದು ಕೂಸು ಕಾಣ್ಲಿಲ್ಲ. ಅಂಡಾಶಯದಾಗ ಬರೀ ನೀರುಗುಳ್ಳಿ. ಎಲ್ಲಾ ಹೆಂಗಸರಿಗೂ ಇರ್ತಾವ ಅವು, ಬರ್ತಾವ, ಹೋಗ್ತಾವ. ನೀನೊಬ್ಬಾಕಿನ ಅದನ್ನ ಹೊತ್ತೀಯೇನು?

ಎಷ್ಟಾಗೈತಂತ ಈಗ?

ಏಳು ಸೆಂಟಿಮೀಟರ್... ಹೋದ ಸರ್ತಿ ನಾಲ್ಕಿತ್ತಲ್ಲ. ಇದೇನು ಬರದಾರ, ಒಳಗ ಗಟ್ಟಿ ಏನೋ ಕಾಣ್ತೈತಿ ಅಂತನಾ? ರಕ್ತದ ರಿಪೋರ್ಟ್‌ನಾಗೂ ಏನೋ ಅಂಕಿ ಜಾಸ್ತಿ ಬಂದೈತಿ.

ಹಂಗಂತ ನನ್ನ ಯಾಕ ನೋಡ್ತಿ. ನಾನು ಇಟ್ಟೀನಾ ನಿನ್ನ ಹೊಟ್ಯಾಗ?

ಹೌದು, ಮೊದಲ ಸರ್ತಿ ತೋರ್ಸಾಕ ಹೋದಾಗ ಸಿರುಗುಪ್ಪದ ಡಾಕ್ಟ್ರಮ್ಮ ಕೇಳಿದ್ಲು. ಮನ್ಯಾಗ ಯಾರಿಗಾದ್ರೂ ಕ್ಯಾನ್ಸರ್ ಆಗಿತ್ತಾ ಅಂತ. ನೀನು ಬಾಯಿ ತೆಗಿಯೋಕಿಂತ ಮೊದ್ಲ ನಾನ ಇಲ್ಲ ಅಂದೆ. ಹಂಗಾರ ಗಾಬ್ರಿ ಇಲ್ಲ, ಆರು ತಿಂಗಳಿಗೊಮ್ಮೆ ನೋಡಾನು ಅಂದ್ಲು. ಅಕಿ ಮಾತು ನನ್ನ ಮ್ಯಾಲ ಯಾಕ ಹಾಕ್ತಿ.

ಮಾತಾಡು. ಮಾತಾಡಿದ್ರ ಉತ್ತರ ಕೊಡಬಹುದು. ಹಿಂಗ ಕುಂತ್ರ...

ಆತು. ಕಾಮಾಲಿ ಅಲ್ಲ. ಅಂಡಾಶಯದ ಕ್ಯಾನ್ಸರ್. ಅವ್ವನ ಅಕ್ಕ ಮಾರೆಮ್ಮ ದೊಡ್ಡವ್ವಗೂ ಅದ ಆಗಿತ್ತು. ಮನ್ಯಾಗ ಎರಡು ಹೆಣ್ಣದಾವ, ಈ ಮಾತು ಹೊರಗ ಹೋಗಬಾರ್ದು ಅಂತ ಅಪ್ಪ ನನ್ನ ಕಡೆ ಆಣಿ ಹಾಕಿಸ್ಕೊಂಡ. ನಿನ್ನ ನೋಡಾಕ ಬಂದಾಗ ತಿಪ್ಪೇಶನ ಅವ್ವ ಮೊದ್ಲು ಕೇಳಿದ್ದೂ ಅದ, ತಾಯಿಗೆ ಏನಾಗಿತ್ತು ಅಂತ. ನಾನು ಖರೇ ಹೇಳಿದ್ರ ನಿನ್ನ ಕೊರಳಾಗ ತಾಳಿ ಬೀಳ್ತಿತ್ತಾ? ನನಗ ಕೈ ಮುಗೀಬೇಕು ನೀನು.

ಇನ್ನೂ ನೋಡಾಕತ್ತಿ.

ಓ. ತಿಳೀತು. ಬಳ್ಳಾರಿ ಗಾಂಧಿನಗರದ ಡಾಕ್ಟ್ರು ಹೇಳ್ಯಾರ. ನನ್ನ ಆಪರೇಶನ್ ಮಾಡಿದಾರು ಅವ್ರ ಅಲ್ಲೇನು, ಹೇಳದ ಬಿಡ್ತಾರಾ. ಹೇಳ್ಲಿ ಬಿಡು. ಹೌದು, ನಿಮಗೆಲ್ಲ ಹೇಳಿದಂಗ ನಾನು ತೆಗಿಸಿದ್ದು ಬರೀ ಗರ್ಭಚೀಲ ಅಲ್ಲ. ಎರಡೂ ಅಂಡಾಶಯ ತೆಗಿಸೀನಿ. ನನ್ನ ರಕ್ತ ಹೈದರಾಬಾದಿಗೆ ಕಳಿಸಿದ್ರು. ಅವ್ವನ ರಕ್ತದಾಗಿನ ದೋಷ ನನಗ ಇಳಿದೈತಿ ಅಂತ ಬಂತು. ರೋಗ ಹುಟ್ಟೋಕಿಂತ ಮೊದ್ಲ ತೆಗದಬಿಟ್ರು. ತಂಗಿ ಅದಾಳಲ್ಲ, ಅಕಿಗೂ ಟೆಸ್ಟ್ ಮಾಡಸಬೇಕು, ಕರ್ಕೊಂಡು ಬರ್ರಿ ಅಂತ ನಿನ್ನ ಹೆಸರಿಗೆ ಒಂದು ಪತ್ರ ಬರದು ಕೊಟ್ರು. ನಾಲ್ಕು ವರ್ಷದ ಮಾತು. ಒಲಿಗೆ ಹಾಕಿದೆ.

ನನ್ನ ಮಗಳು ಭಾಗ್ಯನ ಮದುವಿ ಕೊಳಗಲ್ಲು ಊರಾಗ ಗಟ್ಟಿ ಆಗಿತ್ತು ಆಗ. ನಿನ್ನ ಬಾಯಾಗ ಮಾತು ನಿಲ್ತೈತಾ? ನೀನು ಗಂಡಗ ಹೇಳ್ತಿದ್ದಿ, ಅವ ಅವರವ್ವಗ ಹೇಳ್ತಿದ್ದ, ಅಕಿ ಊರಿಗೆಲ್ಲ. ನಾನು ಹೆತ್ತ ಮಗಳನ್ನ ನೋಡ್ಬೇಕಾ, ನಿನ್ನ ನೋಡ್ಬೇಕಾ? ನಿನಗ ಬಂದ ಬರ್ತೈತಿ ಅಂತೇನು ಹೇಳಿರ್ಲಿಲ್ಲ ಅವರು. ಅವ್ವಂದು ನಿನಗೂ ಇಳಿದಿರೋದು ಅರ್ಧಕ್ಕರ್ಧ ಅಂದ್ರು. ಇಳಿದಿಲ್ಲ ಅನ್ನಾಕೂ ಅರ್ಧ ಇತ್ತಲ್ಲ. ನಾನು ಆ ಅರ್ಧ ನಂಬಿದೆ. ನಂದು ತೆಗಿಸ್ಕೊಂಡು ಬಂದು ನಿನ್ನ ಜೋಡಿ ಸ್ಕ್ಯಾನಿಂಗಿಗೆ ಬಂದು ಕುಂದ್ರತಿದ್ದೆ, ಹೌದು. ಬಿಸ್ಕೀಟು ತಿಂದ್ವಿ ಇಬ್ರೂ. ಏನಾಗಾಂಗಿಲ್ಲ ಬಿಡು ಅಂತ ನಿನ್ನ ಬೆನ್ನು ಸವರಿದೆ...

ಯಾಕ, ಮಾರಿ ಯಾಕ ಹಂಗಾತು?

ಫೈಲು ತಾ ಇಲ್ಲಿ. ತಾ ಅಂದೆ.

ಇದು ಬ್ಯಾರೆ ಆಸ್ಪತ್ರಿ. ಗಾಂಧಿನಗರಕ್ಕ ಹೋಗೇ ಇಲ್ಲ ನೀನು. ಹಂಗಾರ ಯಾರೂ ನಿನಗೇನೂ... ನೀನು ಬರೀ ಅವ್ವಂದು ಕೇಳಾಕ ಬಂದಿದ್ದಿ.

ಹೇಮಾ. ಎದ್ದು ಎಲ್ಲಿಗೆ? ನೀರು ಕುಡಿ.

ಯಾರಿಗೆ ಫೋನ್ ಹಚ್ತಿ? ತಿಪ್ಪೇಶಗಾ? ಹಚ್ಚು. ಬಯ್ತಾನ, ಬಯ್ಲಿ. ಅವಂದೇನು ನನಗ...

ಭಾಗ್ಯಗಾ?

ಬ್ಯಾಡ. ಫೋನ್ ಇಡು. ಅಕಿ ಅತ್ತಿ ಬಾಜೂಕ ಇರ್ತಾಳ. ಈಗ ನಾಲ್ಕು ತಿಂಗಳ ಬಸರಿ ಅದಾಳ, ಹೇಮಾ, ಈಗ ಬ್ಯಾಡ. ಹಂಗ ನೋಡಬ್ಯಾಡ ನನ್ನ... ಇಲ್ಲ. ಅಕಿಗೂ ಹೇಳಿಲ್ಲ ನಾನು. ಅಕಿಗೂ ಹೇಳಿಲ್ಲ.