ನಮ್ಮ ಶಾಲೇಲೂ ಒಬ್ಬಳಿದ್ದಾಳೆ

ಇಲ್ಲ ಟೀಚರ್ರೆ, ಕೂರಲ್ಲ. ಕೂರಕ್ಕೆ ಬಂದಿದ್ದಲ್ಲ ನಾನು. ನೀವು ಕೂತ್ಕೊಳ್ಳಿ, ಕೂತೇ ಕೇಳಿ. ಮಕ್ಕಳೆಲ್ಲ ಹೋದ್ವು, ಹೆಡ್‌ಮಾಸ್ಟ್ರು ಮೂಡಿಗೆರೆ ಮೀಟಿಂಗಿಗೆ ಹೋಗಿದಾರೆ, ನಾನು ಪಾತ್ರೆ ತೊಳೆದು ಬೋರಲು ಹಾಕಿ ಬಂದಿದೀನಿ. ಇವತ್ತು ನನ್ನ ಬಾಯಿಗೆ ಅಡ್ಡ ಬರೋರು ಯಾರೂ ಇಲ್ಲ.

ಎಲ್ಲಿ ಆ ಪುಸ್ತಕ? ತೆಗೀರಿ ಹೊರಗೆ.

ಯಾವ ಪುಸ್ತಕ ಅಂತ ಗೊತ್ತಿಲ್ಲದವರ ಹಂಗೆ ಮಾಡ್ಬೇಡಿ ಮಾರಾಯ್ರೆ! ಅದೇ, ಆ ಮಾಟಗಾತಿ ಹುಡುಗಿದು. ಚೂಪು ಟೊಪ್ಪಿ ಹಾಕ್ಕೊಂಡು ಪೊರಕೆ ಮೇಲೆ ಹಾರೋಳು. ಊಟ ಆದಮೇಲೆ ದಿನಾ ನಾಲ್ಕನೇ ಕ್ಲಾಸಿಗೆ ಓದ್ತೀರಲ್ಲ, ಇಂಗ್ಲಿಷಲ್ಲಿ ನೋಡ್ಕೊಂಡು ಕನ್ನಡದಲ್ಲಿ ಹೇಳ್ತೀರಲ್ಲ, ಅದು.

ನಂಗೆ ಹೆಂಗೆ ಗೊತ್ತಾ? ಅಡುಗೆಕೋಣೆಗೂ ನಿಮ್ಮ ಕ್ಲಾಸಿಗೂ ನಡುವೆ ಇರೋದು ಮೋಟು ಗೋಡೆ. ನಾನು ಈಚೆ ಕೂತು ನಾಳೆಯ ಅಕ್ಕಿ ಆರಿಸ್ತಾ ಇರ್ತೀನಿ, ನಿಮ್ಮ ಮಾತು ಕಿವಿಗೆ ಬೀಳ್ತದೆ. ಕಿವಿಗೆ ಹತ್ತಿ ಇಟ್ಕೊಂಡು ಅಕ್ಕಿ ಆರಿಸಕ್ಕಾಗ್ತದಾ? ಆ ಹುಡುಗಿ ಯಾರದ್ದೋ ನೆಂದ ಸೌದೆಗೆ ಉಫ್ ಅಂತ ಊದಿ ಬೆಂಕಿ ಹಚ್ಚಿ ಕೊಡೋದು, ಕುಂಟ ಮುದುಕಿಯ ಕಳೆದುಹೋದ ಆಡು ಹುಡುಕಿ ಕೊಡೋದು, ಅದು ತಪ್ಪು ಅಂತ ದೊಡ್ಡ ಮಾಟಗಾತಿಯರೆಲ್ಲ ಸೇರಿ ಅವಳನ್ನು ಉಣ್ತಾ ಕೂತಲ್ಲಿಂದ ಎಬ್ಬಿಸಿ ಕಳಿಸೋದು... ಪಾಪ, ಎಲೆ ಮುಂದಿಂದ ಎಬ್ಬಿಸ್ತಾರಲ್ಲ, ಅಷ್ಟು ಚಿಕ್ಕ ಹುಡುಗೀನ...

ಎಂತಕ್ಕೆ ನಗ್ತೀರಿ?

ನಾನೆಂತ ಕತೆ ಕೇಳಕ್ಕೆ ಅಂತಲೇ ಕೂತಿದ್ದೆ ಅಂದ್ಕೊಂಡ್ರಾ? ಅವಳನ್ನು ಆಮೇಲೆ ಊಟಕ್ಕೆ ಕರೆದ್ರಾ ಬಿಟ್ರಾ, ನಂಗೆ ಬೇಕಾಗಿಯೂ ಇಲ್ಲ. ಹೇಳ್ಬೇಡಿ! ನಗಲೂಬೇಡಿ. ನಾನು ಜಗಳಕ್ಕೆ ಬಂದಿರೋಳು.

ಇವತ್ತು ಮಧ್ಯಾಹ್ನ ಎಂತಾಯ್ತು ಗೊತ್ತಾ ನಿಮಗೆ? ಬಡಿಸಿ ಆಯ್ತು, ಅಡುಗೆಕೋಣೆ ಗುಡಿಸ್ತಾ ಇದ್ದೆ. ನಿಮ್ಮ ಕ್ಲಾಸಿನ ಮಕ್ಕಳು ಹಿಂಡುಹಿಂಡಾಗಿ ಬಂದ್ವು. ಒಂದರ ಕೈಯಲ್ಲಿ ರಟ್ಟಿನ ಟೊಪ್ಪಿ. ಇದ್ದಿಲು ಉಜ್ಜಿ ಕಪ್ಪು ಮಾಡಿದಾವೆ, ಚೂಪಗೆ ಸುತ್ತಿ ಅನ್ನದ ಅಗುಳಲ್ಲಿ ಅಂಟಿಸಿದಾವೆ. ಉಳಿದವೆಲ್ಲ ಕೂಗ್ತಾವೆ, "ಪಾಪಮ್ಮಕ್ಕ, ಇದು ನಿಮಗೆ, ಹಾಕ್ಕೊಳ್ಳಿ. ಪೊರಕೆ ಹೆಂಗೂ ಕೈಯಲ್ಲೇ ಇದೆ, ಒಂದ್ಸಲ ಹಾರಿ ತೋರಿಸಿ!"

ಹಾರಿ ತೋರಿಸ್ಬೇಕಂತೆ ಟೀಚರ್ರೆ. ನಾನು. ಪಾಪಮ್ಮ. ಶೇಷಪ್ಪನ ಹೆಂಡ್ತಿ. ಮೂರು ಸಲ ಹೊಲಿಸಿದ ಚಪ್ಪಲಿ ಹಾಕ್ಕೊಂಡು ಏರು ಹತ್ತಿ ಬರೋಳು, ನಾನು ಹಾರ್ಬೇಕಂತೆ!

ಹೌದು, ಕಿತ್ಕೊಂಡು ಒಲೆಗೆ ಹಾಕ್ದೆ ಟೊಪ್ಪೀನ. ಹಾಕ್ದೆ! ಎರಡು ಮೂರು ಮಕ್ಕಳು ಅಳ್ತಾ ಓಡಿದ್ವು. ನಿಮ್ಮ ಹತ್ರ ದೂರು ಹೇಳಿದ್ವಾ? ಹೇಳ್ಲಿ ಬಿಡಿ.

ಎಂತದು? ಪ್ರೀತಿಯಿಂದ ಮಾಡಿದ್ದು ಅವು?

ಇದೇ... ಇದಕ್ಕೇ ನೋಡಿ ನಂಗೆ ಮೈ ಉರಿಯೋದು! ಬೈದಿದ್ರೆ ನಾನು ಸುಮ್ಮನಿರ್ತಿದ್ದೆ. ಬೈಸ್ಕೊಂಡು ಅಭ್ಯಾಸ ಆಗಿದೆ. ನೀವು ಚಿಕ್ಕಮಗಳೂರು ಪೇಟೆಯಲ್ಲಿ ಬೆಳೆದೋರು ಪವಿತ್ರಾ ಟೀಚರ್ರೆ, ನಿಮಗೆ ನಮ್ಮ ಕಡೆ ಕತೆ ಗೊತ್ತಿಲ್ಲ. ಮದ್ದು ಹಾಕೋದು ಅಂದ್ರೆ ಎಂತ ಅಂತ ಗೊತ್ತಾ? ಇಂಥ ಮನೆಯ ಹೆಂಗಸರು ಅನ್ನದಲ್ಲಿ ಮದ್ದು ಕಲಸಿ ಕೊಡ್ತಾರೆ, ಉಂಡವರು ದಿನದಿನಕ್ಕೆ ಸೊರಗಿ ಸಾಯ್ತಾರೆ ಅಂತ. ಆ ಮನೇಲಿ ಯಾರೂ ನೀರು ಸಹ ಕುಡಿಯಲ್ಲ.

ನಮ್ಮ ಅತ್ತೆ ಅಣ್ಣಮ್ಮ, ಬಾಳೂರು ಕಡೆ ಎಸ್ಟೇಟಿನ ಕೂಲಿ ಲೈನಲ್ಲಿದ್ರು. ಒಂದ್ಸಲ ಮೇಸ್ತ್ರಿ ಹೆಂಡ್ತಿ ಬಂದು ನಮ್ಮನೇಲಿ ಕಡುಬು ತಿಂದ್ಳು. ಆಮೇಲೆ ಹೊಟ್ಟೆನೋವು. ಡಾಕ್ಟರ ಹತ್ರ ಹೋಗ್ಬೇಕಲ್ವಾ? ಹೋಗ್ಲಿಲ್ಲ. ಕಳಸದಿಂದ ಆಚೆ ಯಾರೋ ಮದ್ದು ತೆಗೆಯೋನು ಇದಾನೆ ಅಂತ ಜೀಪ್ ಹತ್ತಿ ಹೋದ್ರು. ಅವನು ಎಂತದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸ್ದ. ವಾಂತಿಯಲ್ಲಿ ಕೂದಲಿನ ಉಂಡೆ ಬಂತಂತೆ! ಅವನೇ ಅಂಗೈಲಿ ಇಟ್ಕೊಂಡಿದ್ದನೋ ಏನೋ, ಕೇಳೋರು ಯಾರು? "ಎಲ್ಲಿ ಉಂಡಿದ್ದೆ?" ಅಂದ. "ಅಣ್ಣಮ್ಮನ ಮನೇಲಿ ಕಡುಬು." ಆಯ್ತಲ್ಲ. ಅವತ್ತಿಂದ ನಮ್ಮದು ಮದ್ದಿನ ಮನೆ. ಅತ್ತೆ ಸತ್ರು, ನಂಗೆ ಬಂತು. ಒಡವೆ ಬರ್ಲಿಲ್ಲ, ಇದು ಬಂತು. ಮದುವೆಯಾಗಿ ಬಂದೋಳು ನಾನು, ಆ ಕಡುಬು ಬೇಯೋ ಹೊತ್ತಿಗೆ ನಾನು ಆಲ್ದೂರಲ್ಲಿ ಅಪ್ಪನ ಮನೇಲಿ ಲಂಗ ಹಾಕ್ಕೊಂಡು ಓಡಾಡ್ತಿದ್ದೆ!

ಸಮಾಧಾನ ಎಂತ ಸಮಾಧಾನ? ಬೇಡ, ನೀರೂ ಬೇಡ.

ಹೋದ ವರ್ಷ ಬಿಸಿಯೂಟ ಶುರುವಾಯ್ತು. ಹೆಡ್‌ಮಾಸ್ಟ್ರು ಹೊರಗಿನೋರು, ಪಾಪ, ಗೊತ್ತಿಲ್ಲದೆ ನನ್ನ ಹೆಸರು ಬರ್ಕೊಂಡ್ರು. ಮೊದಲ್ನೇ ದಿನ ಬೇಳೆ ಸಾರು ಮಾಡಿದ್ದೆ. ಕೊತ್ತಂಬರಿ ನಮ್ಮ ಹಿತ್ಲಿಂದಲೇ ತಂದು ಹಾಕಿದ್ದೆ. ಘಂ ಅಂತಿತ್ತು. ಮಕ್ಕಳು ಎಲ್ಲ ಜಗಲಿ ಆಚೆ ತುದಿಗೆ ಹೋಗಿ ಕೂತು ಮನೆಯಿಂದ ತಂದ ಡಬ್ಬಿ ಬಿಚ್ಚಿದ್ವು. ಅಷ್ಟು ಅನ್ನ, ಅಷ್ಟು ಸಾರು... ಸೌಟು ಹಿಡ್ಕೊಂಡು ನಿಂತಿದ್ದೆ ನಾನು. ನನ್ನ ಮಗಳದ್ದು ಬಿಟ್ರೆ ಒಂದು ತಟ್ಟೆ ಬರ್ಲಿಲ್ಲ. ನೀವು ಆಗ ಇನ್ನೂ ಬಂದಿರ್ಲಿಲ್ಲ ಇಲ್ಲಿಗೆ. ಆಮೇಲೆ ಎಷ್ಟೋ ದಿನ ಹಂಗೇ. ಮಿಕ್ಕ ಅನ್ನ ದನಕ್ಕೆ ಹಾಕ್ದೆ. ದನ ಉಂಡ್ವು. ಒಂದೂ ಸೊರಗ್ಲಿಲ್ಲ.

ಗೊತ್ತು, ಗೊತ್ತು, ನೀವು ಎಂತ ಹೇಳ್ತೀರಿ ಅಂತ ಗೊತ್ತು. "ಈಗ ಎಲ್ಲ ಉಣ್ತಾರಲ್ಲ ಪಾಪಮ್ಮ" ಅಂತ. ಹೌದು, ಉಣ್ತಾವೆ. ನಿಮ್ಮ ಕತೆ ಕೇಳಿದ ಮೇಲೆ ಸಾಲಾಗಿ ಬಂದು ತಟ್ಟೆ ಹಿಡೀತಾವೆ. ಕಮಿಟಿ ಅಧ್ಯಕ್ಷರು ಚಂದ್ರಶೇಖರಪ್ಪನವರೂ ಬಂದು ನೋಡಿ, "ಪವಿತ್ರಾ ಟೀಚರ್ ಎಂತ ಮೋಡಿ ಮಾಡಿದ್ರಪ್ಪ" ಅಂತ ಹೊಗಳಿ ಹೋದ್ರು. ಎಲ್ಲರಿಗೂ ಖುಷಿ!

ಆದ್ರೆ ಯಾರ ಕೈಯಿಂದ ಉಣ್ತಾವೆ ಟೀಚರ್ರೆ ಅವು? ಪಾಪಮ್ಮನ ಕೈಯಿಂದಲ್ಲ. ಮಾಟಗಾತಿ ಕೈಯಿಂದ! ಮುಂಚೆ ಕೆಟ್ಟ ಮಾಟಗಾತಿ, ಈಗ ಒಳ್ಳೆ ಮಾಟಗಾತಿ. ಮುಂಚೆ ದೊಡ್ಡವರು ಹಿಂದಿಂದ ಪಿಸುಗುಡ್ತಿದ್ರು. ಈಗ ಮಕ್ಕಳು ಎದುರಿಗೇ ನಿಂತು ನಕ್ಕೊಂಡು ಕರೀತಾವೆ. ಪಿಸುಗುಟ್ಟೋರನ್ನು ಕಂಡ್ರೆ ಸಿಟ್ಟಾದ್ರೂ ಮಾಡ್ಬಹುದಿತ್ತು. ನಕ್ಕೊಂಡು ಬರೋ ಮಕ್ಕಳ ಮೇಲೆ ಎಂತ ಮಾಡ್ಲಿ?

ನೀವು ಒಂದೇ ಒಂದು ಮಾತು ಹೇಳ್ಬಹುದಿತ್ತಲ್ಲ. "ಪಾಪಮ್ಮ ಎಂತದೂ ಅಲ್ಲ, ಅಡುಗೆಯೋಳು" ಅಂತ. ಹೇಳಿದ್ರಾ? ಇಲ್ಲ. ಅವತ್ತು ನಿಮ್ಮ ಕ್ಲಾಸಲ್ಲಿ ಒಂದು ಮಗು ಎದ್ದು ನಿಂತು, "ಟೀಚರ್, ನಮ್ಮ ಶಾಲೇಲೂ ಒಬ್ಬಳಿದ್ದಾಳೆ, ಒಳ್ಳೆ ಮಾಟಗಾತಿ, ಅಡುಗೆಕೋಣೇಲಿ" ಅಂದಾಗ ನೀವು ಎಂತ ಅಂದ್ರಿ? "ಹೌದಲ್ಲ! ಎಷ್ಟು ಚಂದ ಹೇಳಿದೆ" ಅಂದ್ರಿ. ಎಲ್ಲರ ಹತ್ರ ಚಪ್ಪಾಳೆ ಹೊಡೆಸಿದ್ರಿ! ಈಚೆ ಬದಿಗೆ ನಾನು ಕೂತಿದೀನಿ, ಮಡಿಲಲ್ಲಿ ಮೊರ. ಚಪ್ಪಾಳೆ... ಅಷ್ಟು ಜೋರು ಚಪ್ಪಾಳೆ.

ಈಗ ತಲೆ ತಗ್ಗಿಸ್ಬೇಡಿ. ಒಳ್ಳೆ ಮನಸ್ಸಿಂದ ಮಾಡಿದ್ದು ಅಂತ ನಂಗೂ ಗೊತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ನಾಳೆ ಪ್ರಾರ್ಥನೆಗೆ ಸಾಲು ನಿಲ್ಲಿಸಿದಾಗ ನೀವು ಹೇಳ್ಬೇಕು. ನಾನೂ ಅಲ್ಲೇ ನಿಂತಿರ್ತೀನಿ. ಪಾಪಮ್ಮ ಮಾಟಗಾತಿ ಅಲ್ಲ, ಒಳ್ಳೆ ಮಾಟಗಾತೀನೂ ಅಲ್ಲ ಕೆಟ್ಟ ಮಾಟಗಾತೀನೂ ಅಲ್ಲ, ಅವಳ ಮನೇಲಿ ಮದ್ದೂ ಇಲ್ಲ ಮಣ್ಣೂ ಇಲ್ಲ, ಅಂತ ಬಾಯಿ ಬಿಟ್ಟು ಹೇಳ್ಬೇಕು.

...ಎಂತಕ್ಕೆ ಯೋಚನೆ ಮಾಡ್ತೀರಿ?

ತಿರ್ಗಾ ಉಣ್ಣೋದು ಬಿಡ್ತಾವೆ ಅಂತನಾ? ಬಿಟ್ರೆ ಚಂದ್ರಶೇಖರಪ್ಪನವರು ಬೇರೆಯವಳನ್ನು ಹಾಕ್ತಾರೆ, ನನ್ನ ಕೆಲಸ ಹೋಗ್ತದೆ ಅಂತನಾ? ಹೋಗ್ಲಿ! ಸೊಂಟಕ್ಕೆ ಚೀಲ ಕಟ್ಕೊಂಡು ಕಾಫಿ ಹಣ್ಣು ಕೊಯ್ಯಕ್ಕೆ ಹೋಗ್ತೀನಿ. ತೋಟದಲ್ಲಿ ಯಾರೂ ನನ್ನ ಕೈ ಮುಟ್ಟಿದ ಹಣ್ಣು ಬೇಡ ಅನ್ನಲ್ಲ. ಕಾಫಿ ಮಾತ್ರ ಎಲ್ಲರೂ ಕುಡೀತಾರೆ.

ಇನ್ನೊಂದು. ಆ ಮಗು ಯಾರು? ಅದನ್ನೂ ಹೇಳಿ.

ಎದ್ದು ನಿಂತು ಹೇಳಿದ ಮಗು ಟೀಚರ್ರೆ, ಯಾರ ಮನೇದು? ನಂಗೆ ಸ್ವರ ಗೊತ್ತಾಗ್ಲಿಲ್ಲ, ಗೋಡೆ ಅಡ್ಡ ಇತ್ತಲ್ಲ. ನನ್ನ ಮಗಳು ಕವನಾ ನಿಮ್ಮ ಕ್ಲಾಸಲ್ಲೇ ಇದಾಳಲ್ಲ, ಅವಳನ್ನು ಕೇಳೋಣ ಅಂದ್ರೆ ಅದು ಬಾಯಿ ಬಿಡೋ ಜಾತಿ ಅಲ್ಲ. ಹೇಳಿ, ಯಾರು? ಆ ಮಗೂಗೆ ಮನೇಲಿ ಹೇಳ್ಕೊಟ್ಟೋರು ಯಾರೋ ಇರ್ಬೇಕಲ್ಲ, ಅವರ ಅಂಗಳಕ್ಕೇ ಹೋಗಿ ನಿಂತು ಕೇಳ್ತೀನಿ. ಇಡೀ ಊರು ಕೇಳ್ಬೇಕು ಹಂಗೆ ಕೇಳ್ತೀನಿ!

ಲಿಖಿತನಾ? ಅವನ ಅಜ್ಜಿ ಶಿವಗಂಗಮ್ಮ ನನ್ನ ನೆರಳು ಕಂಡ್ರೆ ಸೆರಗು ಎಳ್ಕೊಳ್ತಾರೆ, ಅಲ್ಲಿಂದಲೇ ಬಂದಿರ್ಬೇಕು... ಅಲ್ವಾ? ಅಭಿಷೇಕನಾ? ಅವನೂ ಅಲ್ವಾ? ಹುಡುಗೀನಾ?

ಹುಡುಗಿ.

ಯಾರು, ರುದ್ರಾಣಿಯೋರ ಮೊಮ್ಮಗಳಾ? ತಲೆ ಅಲ್ಲಾಡಿಸಿದ್ರೆ ಸಾಲ್ದು, ಹೆಸರು ಹೇಳಿ. ಇಷ್ಟು ಹೊತ್ತು ಎಲ್ಲದಕ್ಕೂ ಒಂದೊಂದು ಮಾತು ಇತ್ತಲ್ಲ ನಿಮ್ಮ ಹತ್ರ. ಈಗ ಕಿಟಕಿ ಕಡೆ ಎಂತ ನೋಡ್ತೀರಿ? ಅಲ್ಲಿ ಎಂತದೂ ಇಲ್ಲ. ನನ್ನ ಮುಖ ನೋಡಿ ಹೇಳಿ.

ಹೇಳಿ ಟೀಚರ್ರೆ.

ಹೇಳಲ್ಲ ನೀವು.

...ಆಯ್ತು. ಬೇಡ. ಹೇಳ್ಬೇಡಿ. ಹೇಳ್ಬೇಡಿ ಈಗ, ದಮ್ಮಯ್ಯ.

ಹೆತ್ತೋಳಿಗೆ ಸ್ವರ ಗೊತ್ತಾಗಲ್ವಾ? ಒಂದು ಗೋಡೆ ಅಲ್ಲ, ಇಡೀ ಚಾರ್ಮಾಡಿ ಘಾಟಿ ಅಡ್ಡ ಬಂದ್ರೂ ಗೊತ್ತಾಗ್ತದೆ. "ನಮ್ಮ ಶಾಲೇಲೂ" ಅಂದ್ಲಲ್ಲ, ಆಗಲೇ ಗೊತ್ತಾಯ್ತು. ಬೇರೆ ಯಾರದ್ದಾದ್ರೂ ಇರ್ಲಿ, ನೀವು ಬೇರೆ ಹೆಸರು ಹೇಳಿಬಿಡ್ಲಿ ಅಂತ ಬಂದೆ. ನಂಬ್ತಿದ್ದೆ ನಾನು. ಲಿಖಿತ ಅಂದಿದ್ರೂ ನಂಬ್ತಿದ್ದೆ.

ಎಷ್ಟು ಖುಷಿ ಇತ್ತು ಗೊತ್ತಾ ಆ ಸ್ವರದಲ್ಲಿ! ಮನೇಲಿ ಗಟ್ಟಿ ಮಾತಾಡದ ಹುಡುಗಿ. ಗೆದ್ದೋರ ಹಂಗೆ ಹೇಳಿದ್ಲು. ಹೌದು, ಟೊಪ್ಪಿಯೂ ಅವಳೇ ತಂದಿದ್ದು... ಅವಳ ಕೈಯಿಂದಲೇ ಕಿತ್ಕೊಂಡೆ.

ಇಲ್ಲ ಟೀಚರ್ರೆ, ಹೆಮ್ಮೆಯಿಂದ ಹೇಳಿದ್ದು ಅಂತ ನಂಗೆ ತಿಳಿಸಿ ಹೇಳ್ಬೇಡಿ. ಹೆಮ್ಮೆ ಅಂತ ಗೊತ್ತು. ನೀವು ಅದರ ಹಿಂದಿನದ್ದು ಯೋಚನೆ ಮಾಡಿ. ಮಾಟಗಾತಿಯರಲ್ಲೂ ಒಳ್ಳೆಯೋರು ಇರ್ತಾರೆ ಅಂತ ನಿಮ್ಮ ಪುಸ್ತಕ ಹೇಳಿದ್ದಕ್ಕೆ ಅಷ್ಟು ಖುಷಿ ಆಯ್ತು ಅಂದ್ರೆ... ಅದಕ್ಕೆ ಮುಂಚೆ ಅವಳು ನನ್ನನ್ನು ಎಂತ ಅಂತ ತಿಳ್ಕೊಂಡಿದ್ಲು?

ಊರು ನಂಬ್ತು, ನಂಬ್ಲಿ. ಅವಳೂ ನಂಬಿದ್ಲು. ನನ್ನ ಮಗ್ಗುಲಲ್ಲೇ ಮಲಗ್ಕೊಂಡು.

ನಿಮಗೆ ಗೊತ್ತಿಲ್ಲ, ಇನ್ನೊಂದು ಮಾತು ಆಡ್ತಾರೆ ನಮ್ಮ ಕಡೆ. ಮದ್ದಿನೋಳಿಗೆ ಹೊರಗಿನೋರು ಯಾರೂ ಸಿಗದಿದ್ರೆ, ಆ ಮದ್ದು ಅವಳನ್ನು ಸುಮ್ಮನೆ ಬಿಡಲ್ಲ, ಮನೆಯವರ ತಟ್ಟೆಗೇ ಹಾಕಿಸ್ತದೆ ಅಂತ. ಮಕ್ಕಳಿಗೆ ಸಹ ಗೊತ್ತಿರೋ ಮಾತು. ಅವಳಿಗೂ ಗೊತ್ತು. ನಮ್ಮನೆಗೆ ಹೊರಗಿನೋರು ಯಾರು ಬರ್ತಾರೆ ಉಣ್ಣಕ್ಕೆ? ಯಾರೂ ಇಲ್ಲ. ಅವಳಪ್ಪ ಲಾರಿ ಲೋಡಿಂಗಿಗೆ ಹೋದ್ರೆ ಬಣಕಲ್‌ನಲ್ಲೇ ಉಣ್ತಾರೆ. ಮನೇಲಿ ಉಣ್ಣೋದು ಅವಳೊಬ್ಬಳೇ.

ಅದೆಲ್ಲ ಗೊತ್ತಿದ್ದೂ ದಿನಾ ಬಂದು ಚಕ್ಕಳಮಕ್ಕಳ ಹಾಕಿ ಕೂರ್ತಿದ್ಲು ಟೀಚರ್ರೆ. ಒಂದಿನ ಬೇಡ ಅನ್ಲಿಲ್ಲ. ಒಂದಗುಳು ಬಿಡ್ಲಿಲ್ಲ. ನಾನು ಬಡಿಸಿ ಎದುರಿಗೆ ಕೂತು ಅವಳ ಮುಖ ನೋಡ್ತಿದ್ದೆ, ಅವಳು ನನ್ನ ಮುಖ ನೋಡ್ಕೊಂಡೇ ಉಣ್ತಿದ್ಲು. ಪ್ರೀತಿಗೆ ನೋಡ್ತಾಳೆ ಅಂದ್ಕೊಂಡಿದ್ದೆ ನಾನು.

ಹೆದರ್ಕೊಂಡು ಉಂಡ್ಲಾ ಅವಳು, ಇಷ್ಟು ವರ್ಷ?

ಉಂಡು, "ಅಮ್ಮ, ಇನ್ನೊಂಚೂರು ಹಾಕು" ಅಂತಿದ್ಲಲ್ಲ.